ಶೇಕಡಾ ಎಷ್ಟು ಬಂತು?

(ಒಬ್ಬರು ಕ್ಷೇತ್ರ ಶಿಕ್ಷಣಾಧಿಕಾರಿಯಾಗಿ ನಿವೃತ್ತರಾದವರು. ಇನ್ನೊಬ್ಬಳು ಅವರ ಅಣ್ಣನ ಮಗಳು, ಸರ್ಕಾರಿ ಪ್ರೌಢಶಾಲೆಯೊಂದರ ಗಣಿತ ಶಿಕ್ಷಕಿ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಇವರಿಬ್ಬರೂ ಒಂದೇ ಜಗಲಿಯಲ್ಲಿ ಕೂತರೆ ಮಾತು ಬೇರೆ ಕಡೆ ತಿರುಗುವುದಿಲ್ಲ. ನಾನು ಯಾರ ಕಡೆ ಎಂಬುದು ಓದುತ್ತಾ ತಿಳಿಯುತ್ತದೆ, ಮುಚ್ಚಿಡುವ ಇರಾದೆ ನನಗಿಲ್ಲ.)

ಚಿಕ್ಕಪ್ಪ: ಏನಮ್ಮ, ನಿಮ್ಮ ಶಾಲೆಯದು ಶೇಕಡಾ ಎಷ್ಟು ಬಂತು?

ಶಿಕ್ಷಕಿ: ಎಪ್ಪತ್ತೊಂದು. ಹೋದ ವರ್ಷ ಎಂಬತ್ತಾರಿತ್ತು.

ಚಿಕ್ಕಪ್ಪ: ಒಂದೇ ವರ್ಷಕ್ಕೆ ಹದಿನೈದು ಇಳಿಯಿತೇ! ನಾನಿದ್ದಿದ್ದರೆ ನಿಮ್ಮ ಹೆಡ್‌ಮಾಸ್ಟರನ್ನು ಮಾರನೇ ದಿನವೇ ಕಚೇರಿಗೆ ಕರೆಸುತ್ತಿದ್ದೆ.

ಶಿಕ್ಷಕಿ: ಈಗಿನವರೂ ಕರೆಸಿದ್ದಾರೆ, ಬೇಜಾರು ಮಾಡಿಕೊಳ್ಳಬೇಡಿ. ಕಾರಣ ಕೇಳಿ ನೋಟಿಸೂ ಕೊಟ್ಟಿದ್ದಾರೆ. ಆ ಹದಿನೈದು ಅಂದರೆ ಏನು ಗೊತ್ತೇ ಚಿಕ್ಕಪ್ಪ? ಇಬ್ಬರು ಮಕ್ಕಳು. ನಮ್ಮ ಹತ್ತನೇ ತರಗತಿಯಲ್ಲಿ ಇರುವುದೇ ಹದಿನಾಲ್ಕು ಜನ, ಹೋದ ವರ್ಷವೂ ಅಷ್ಟೇ. ಆಗ ಇಬ್ಬರು ಫೇಲಾಗಿದ್ದರು, ಈಗ ನಾಲ್ವರು. ಆ ನಾಲ್ವರಲ್ಲಿ ಒಬ್ಬನ ಮನೆಯವರು ಸಂಕ್ರಾಂತಿ ಆದ ಮೇಲೆ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದರು. ಹುಡುಗನೂ ಜೊತೆಗೆ ಹೋಗಿ, ಪರೀಕ್ಷೆಯ ಹಿಂದಿನ ದಿನ ಬಸ್ಸು ಹತ್ತಿ ಬಂದ. ಇನ್ನೊಬ್ಬಳಿಗೆ ವಿಜ್ಞಾನದಲ್ಲಿ ಎರಡು ಅಂಕ ಕಡಿಮೆ ಬಿತ್ತು. ಇದಕ್ಕೆ ನೋಟಿಸಿನಲ್ಲಿ ಏನೆಂದು ಬರೆದಿದ್ದಾರೆ ಹೇಳಲೇ? ‘ಗುಣಮಟ್ಟದಲ್ಲಿ ತೀವ್ರ ಕುಸಿತ.’

ಚಿಕ್ಕಪ್ಪ: ಪರೀಕ್ಷೆ-2 ಇದೆಯಲ್ಲ. ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ಬರೆಯಲಿ, ಪಾಸಾಗಲಿ.

ಶಿಕ್ಷಕಿ: ಬರೆಯುತ್ತಾರೆ, ಬಹುಶಃ ಪಾಸೂ ಆಗುತ್ತಾರೆ. ಮಕ್ಕಳ ಮಟ್ಟಿಗೆ ಅದು ಒಳ್ಳೆಯ ಏರ್ಪಾಡೇ. ಆದರೆ ಪೇಪರಿನಲ್ಲಿ ಅಚ್ಚಾಗುವ ಜಿಲ್ಲಾವಾರು ಪಟ್ಟಿ ಪರೀಕ್ಷೆ-1ರದು. ಅದು ಬಂದ ದಿನ ಯಾರು ಎಲ್ಲಿದ್ದರೋ ಅಲ್ಲಿಗೇ ಲೆಕ್ಕ ಮುಗಿಯಿತು.

ಚಿಕ್ಕಪ್ಪ: ಹದಿನಾಲ್ಕು ಮಕ್ಕಳ ಶಾಲೆಗೆ ಶೇಕಡಾ ಲೆಕ್ಕ ಹಾಕುವುದು ಸರಿಯಲ್ಲ ಅಂತೀಯಾ, ಒಪ್ಪಿದೆ. ಅದು ಅಂಕಗಣಿತದ ತೊಂದರೆ. ಮೂರು ವರ್ಷದ್ದು ಕೂಡಿಸಿ ಸರಾಸರಿ ತೆಗೆದರೆ ಸರಿಹೋಗುತ್ತೆ.

ಶಿಕ್ಷಕಿ: ಹೋಗುವುದಿಲ್ಲ. ನೂರ ನಲವತ್ತು ಮಕ್ಕಳಿರುವ ಶಾಲೆಗೂ ಇದೇ ರೋಗ ಇದೆ, ಬೇರೆ ರೂಪದಲ್ಲಿ. ಪೂರ್ವಸಿದ್ಧತಾ ಪರೀಕ್ಷೆ ಮುಗಿಯುತ್ತಿದ್ದಂತೆ ಸ್ಟಾಫ್ ರೂಮಿನಲ್ಲಿ ಏನಾಗುತ್ತದೆ ಅಂತ ನಿಮಗೆ ಗೊತ್ತಲ್ಲ. ಮೂರು ಪಟ್ಟಿ ತಯಾರಾಗುತ್ತವೆ. ಮೇಲಿನವರು ಹೇಗೂ ಪಾಸಾಗುವವರು. ನಡುವಿನವರು ಗೆರೆಯ ಹತ್ತಿರ ಇರುವವರು. ಕೆಳಗಿನವರು ಎಂಬತ್ತಕ್ಕೆ ಹತ್ತೋ ಹನ್ನೆರಡೋ ತೆಗೆಯುವವರು. ‘ದತ್ತು’ ತೆಗೆದುಕೊಳ್ಳುವುದು ನಡುವಿನವರನ್ನು. ಬೆಳಗಿನ ಜಾವ ಐದಕ್ಕೆ ಫೋನ್ ಮಾಡಿ ಎಬ್ಬಿಸುವುದು ಅವರನ್ನು, ಮನೆ ಭೇಟಿಗೆ ಹೋಗುವುದು ಅವರ ಮನೆಗೆ, ರಾತ್ರಿ ಗುಂಪು ಅಧ್ಯಯನಕ್ಕೆ ಕೂರಿಸುವುದು ಅವರನ್ನೇ. ಎಂಬತ್ತಕ್ಕೆ ಇಪ್ಪತ್ತೆರಡು ಬಂದವನನ್ನು ಇಪ್ಪತ್ತೆಂಟಕ್ಕೆ ಎತ್ತಿದರೆ ಶಾಲೆಯ ಶೇಕಡಾ ಏರುತ್ತಿತ್ತು. ಐವತ್ತು ಬಂದವಳನ್ನು ಎಪ್ಪತ್ತಕ್ಕೆ ಏರಿಸಿದರೆ ಏನೂ ಏರುವುದಿಲ್ಲ. ಹತ್ತು ಬಂದವನಿಗೆ ಭಿನ್ನರಾಶಿ ಮೊದಲಿನಿಂದ ಕಲಿಸಿ ಹದಿನೆಂಟಕ್ಕೆ ತಂದೆ ಅಂದುಕೊಳ್ಳಿ, ಆಗಲೂ ಪಟ್ಟಿಯಲ್ಲಿ ಅವನು ಫೇಲೇ.

ಚಿಕ್ಕಪ್ಪ: ಈಗ ಆ ಗೆರೆಯೂ ಇಳಿದಿದೆಯಲ್ಲ. 2025-26ರಿಂದ 625ಕ್ಕೆ 206 ಬಂದರೆ ಪಾಸು. ಒಟ್ಟು ಶೇ. 33, ಪ್ರತಿ ವಿಷಯದಲ್ಲಿ ಶೇ. 30.

ಶಿಕ್ಷಕಿ: ಗೆರೆ ಇಳಿದರೆ ನಮ್ಮ ಪಟ್ಟಿಗಳು ಒಂದಿಷ್ಟು ಕೆಳಗೆ ಸರಿಯುತ್ತವೆ, ಅಷ್ಟೇ. ನಡುವಿನವರು ಬದಲಾಗುತ್ತಾರೆ, ನಮ್ಮ ಕೆಲಸ ಬದಲಾಗುವುದಿಲ್ಲ. ಆ ಕೆಲಸದ ಹೆಸರು ಪಾಸಿಂಗ್ ಪ್ಯಾಕೇಜ್. ನೀವೇ ಹಂಚಿದ್ದೀರಿ, ಮರೆತಿಲ್ಲ ತಾನೇ?

ಚಿಕ್ಕಪ್ಪ: ಹಂಚಿದ್ದೇನೆ, ಸಂಕೋಚ ಏನೂ ಇಲ್ಲ. ಹತ್ತನೇ ತರಗತಿ ಫೇಲ್ ಅಂದರೆ ಹಳ್ಳಿಯ ಹೆಣ್ಣುಮಗುವಿಗೆ ಏನಾಗುತ್ತೆ ಅಂತ ನಿನಗೆ ಹೇಳಬೇಕೇ? ಜೂನ್‌ನಲ್ಲಿ ಮದುವೆ. ಪಾಸಾದರೆ ಪಿಯುಸಿಗೆ ಎರಡು ವರ್ಷ ಸಿಗುತ್ತದೆ. ಆ ಎರಡು ವರ್ಷ ಕೊಡಿಸಲು ನಾಲ್ಕು ಪ್ರಶ್ನೆ ಬಾಯಿಪಾಠ ಮಾಡಿಸಿದರೆ ಅದರಲ್ಲಿ ಪಾಪ ಏನಿದೆ?

ಶಿಕ್ಷಕಿ: ಪಾಪ ಅಂತ ನಾನು ಅನ್ನಲಿಲ್ಲ, ನಾನೂ ಮಾಡಿಸುತ್ತೇನೆ. ಗಣಿತದ ಪ್ಯಾಕೇಜಿನಲ್ಲಿ ಗ್ರಾಫು ಇರುತ್ತದೆ, ಒಂದೆರಡು ಪ್ರಮೇಯ, ಸರಾಸರಿ, ಬಹುಲಕ, ಮಧ್ಯಾಂಕದ ಕೋಷ್ಟಕ. ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲಿ ಅವಕ್ಕೆ ಇಷ್ಟಿಷ್ಟು ಅಂಕ ಅಂತ ಗೊತ್ತಿರುತ್ತದೆ. ವಿಜ್ಞಾನದವರು ಕಣ್ಣು, ಹೃದಯ, ನೆಫ್ರಾನ್ ಚಿತ್ರ ಬರೆಸುತ್ತಾರೆ. ನನ್ನ ತರಗತಿಯ ಹುಡುಗನೊಬ್ಬ ಎರಡು ಸರಳರೇಖೆಗಳ ಗ್ರಾಫನ್ನು ಮುತ್ತಿನಂತೆ ಬಿಡಿಸಿ ನಾಲ್ಕಕ್ಕೆ ನಾಲ್ಕು ತೆಗೆಯುತ್ತಾನೆ. ಮೈನಸ್ ಮೂರರಿಂದ ಮೈನಸ್ ಐದು ಕಳೆ ಅಂದರೆ ನನ್ನ ಮುಖ ನೋಡುತ್ತಾನೆ. ಅವನು ಪಾಸಾದದ್ದು ನನಗೆ ಸಂತೋಷವೇ. ಆದರೆ ಆ ಪಾಸನ್ನು ಎಣಿಸಿ, ಶೇಕಡಾ ಮಾಡಿ, ಪಕ್ಕದ ಶಾಲೆಯ ಶೇಕಡಾದ ಜೊತೆ ತೂಗಿ, ಇದು ಕಲಿಕೆಯ ಅಳತೆ ಅಂತ ನೀವು ಸಭೆಯಲ್ಲಿ ಹೇಳಿದಾಗ ನನಗೆ ನಗು ಬರುತ್ತದೆ.

ಚಿಕ್ಕಪ್ಪ: ನೂರು ದೋಷ ಇರಬಹುದು. ಅದಿಲ್ಲದೆ ಹೋದರೆ ಇನ್ನೇನಿದೆ? ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಅನ್ಯಾಯ ಆಗುತ್ತಿದೆ ಅಂತ ಬೆಂಗಳೂರಿನವರಿಗೆ ಗೊತ್ತಾಗುವುದು ವರ್ಷಕ್ಕೊಮ್ಮೆ, ಈ ಪಟ್ಟಿ ಬಂದ ದಿನ. 2024ರಲ್ಲಿ ಉಡುಪಿಗೆ ಶೇ. 94 ಬಂತು, ಯಾದಗಿರಿಗೆ ಸುಮಾರು 50. ಒಂದೇ ರಾಜ್ಯ, ಒಂದೇ ಪಠ್ಯಪುಸ್ತಕ, ಒಂದೇ ಪ್ರಶ್ನೆಪತ್ರಿಕೆ. ಈ ಅಂತರವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಕಾಗದ ತೋರಿಸು ನೋಡೋಣ.

ಶಿಕ್ಷಕಿ: 2024ರ ಪಟ್ಟಿಯನ್ನೇ ಹಿಡಿದಿರಿ, ಒಳ್ಳೆಯದಾಯಿತು. ಅದರ ಹಿಂದಿನ ವರ್ಷ ರಾಜ್ಯಕ್ಕೆ ಶೇ. 83.89 ಬಂದಿತ್ತು, ಮೊದಲ ಸ್ಥಾನ ಚಿತ್ರದುರ್ಗದ್ದು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ರಾಜ್ಯದ ಫಲಿತಾಂಶ 73.40ಕ್ಕೆ ಇಳಿಯಿತು. ಅದೂ ಶೇ. 20ರವರೆಗೆ ಕೃಪಾಂಕ ಕೊಟ್ಟ ಮೇಲೆ. ಕೊಡದಿದ್ದರೆ ಅರವತ್ತರ ಕೆಳಗೇ ನಿಲ್ಲುತ್ತಿತ್ತು. ಮೊದಲ ಸ್ಥಾನದಲ್ಲಿದ್ದ ಜಿಲ್ಲೆ ಇಪ್ಪತ್ತರ ಆಚೆ ಹೋಯಿತು, ಹಿಂದೆಲ್ಲೋ ಇದ್ದ ಉಡುಪಿ ಮುಂದೆ ಬಂತು. ಒಂದು ಜಿಲ್ಲೆಯ ಮೇಷ್ಟ್ರುಗಳೆಲ್ಲ ಒಂದೇ ವರ್ಷದಲ್ಲಿ ಪಾಠ ಮಾಡುವುದು ಮರೆತರೇ? ಇನ್ನೊಂದು ಜಿಲ್ಲೆಯವರೆಲ್ಲ ಒಂದೇ ವರ್ಷದಲ್ಲಿ ಕಲಿತರೇ?

ಚಿಕ್ಕಪ್ಪ: ಅದಕ್ಕೇ ಕ್ಯಾಮೆರಾ ಹಾಕಿದ್ದು. ಅಳತೆ ಸರಿಯಾಗಲಿ ಅಂತ.

ಶಿಕ್ಷಕಿ: ಕ್ಯಾಮೆರಾ ಹಾಕಿದ್ದನ್ನು ನಾನು ಬೇಡ ಅನ್ನುವುದಿಲ್ಲ. ಕೊಠಡಿಯೊಳಗೆ ಚೀಟಿ ಹೋಗುವಂಥ ಸ್ಥಿತಿ ಯಾಕೆ ಬಂತು ಅಂತ ಯೋಚಿಸಿ ಅನ್ನುತ್ತೇನೆ. ಮಗು ಫೇಲಾದರೆ ಮಗುವಿಗೆ ಮಾತ್ರ ನಷ್ಟ ಅಂತಿದ್ದಾಗ ಮೇಲ್ವಿಚಾರಕರು ಕಣ್ಣು ತೆರೆದು ಕೂತಿರುತ್ತಾರೆ. ಮಗು ಫೇಲಾದರೆ ಹೆಡ್‌ಮಾಸ್ಟರಿಗೂ ನೋಟಿಸು, ಅನುದಾನಿತ ಶಾಲೆಯವರಾದರೆ ಅನುದಾನಕ್ಕೂ ಸಂಚಕಾರ ಅಂತಾದಾಗ, ಕೊಠಡಿಯಲ್ಲಿ ದೊಡ್ಡವರಿಗೂ ಮಕ್ಕಳಿಗೂ ಒಂದೇ ಹಿತಾಸಕ್ತಿ. ಇದು ನಮ್ಮೂರಿನ ಗುಣ ಅಂದುಕೊಳ್ಳಬೇಡಿ. ಅಮೆರಿಕದ ಅಟ್ಲಾಂಟಾದಲ್ಲಿ ಮಕ್ಕಳ ಉತ್ತರಪತ್ರಿಕೆಯನ್ನು ಶಿಕ್ಷಕರೇ ಅಳಿಸಿ ತಿದ್ದಿದ್ದು 2011ರ ತನಿಖೆಯಲ್ಲಿ ಹೊರಬಂತು, 44 ಶಾಲೆಗಳಲ್ಲಿ. ಕೆಲವರಿಗೆ ಜೈಲೂ ಆಯಿತು. ಅಲ್ಲಿ 2002ರಲ್ಲಿ ಬಂದ ಕಾಯ್ದೆ 2014ರ ಹೊತ್ತಿಗೆ ಎಲ್ಲ ಮಕ್ಕಳೂ ನಿಗದಿತ ಮಟ್ಟ ಮುಟ್ಟಬೇಕು ಅಂತ ಹೇಳಿತ್ತು. ಎಲ್ಲ ಮಕ್ಕಳೂ!

ಚಿಕ್ಕಪ್ಪ: ಅಮೆರಿಕ ಯಾಕಮ್ಮ, ನಮ್ಮಲ್ಲೇ ಹಳೆಯ ಕಥೆ ಇದೆ. ಇಂಗ್ಲೆಂಡಿನಲ್ಲಿ 1862ರಲ್ಲಿ ಒಂದು ನಿಯಮ ತಂದರು. ಇನ್‌ಸ್ಪೆಕ್ಟರು ಶಾಲೆಗೆ ಬಂದು ಒಂದೊಂದೇ ಮಗುವಿಗೆ ಓದು, ಬರಹ, ಲೆಕ್ಕ ಪರೀಕ್ಷೆ ಮಾಡುವುದು, ಪಾಸಾದ ತಲೆಗೆ ಇಷ್ಟು ಅಂತ ಶಾಲೆಗೆ ದುಡ್ಡು ಕೊಡುವುದು. ಅದೇ ಪದ್ಧತಿ ಮುಂಬೈ, ಮದ್ರಾಸು ಪ್ರಾಂತಗಳಿಗೂ ಬಂತು. ಆಗ ಧಾರವಾಡ, ಬೆಳಗಾವಿ ಮುಂಬೈಗೆ ಸೇರಿದ್ದವು, ಮಂಗಳೂರು ಮದ್ರಾಸಿಗೆ. ಅಲ್ಲಿನ ಖಾಸಗಿ ಶಾಲೆಗಳಿಗೆ ಅನುದಾನ ಬರುತ್ತಿದ್ದುದು ಹೀಗೆ ಫಲಿತಾಂಶ ನೋಡಿಯೇ. 1882ರ ಹಂಟರ್ ಆಯೋಗ ಕೂಡ ಪ್ರಾಥಮಿಕ ಶಾಲೆಗಳಿಗೆ ಅದು ಇರಲಿ ಅಂದಿತು. ಕರ್ಜನ್ ಕಾಲಕ್ಕೆ, 1904ರ ಶಿಕ್ಷಣ ನಿರ್ಣಯದ ಹೊತ್ತಿಗೆ, ಬೇಡ ಅಂತ ತೀರ್ಮಾನಕ್ಕೆ ಬಂದರು.

ಶಿಕ್ಷಕಿ: ಯಾಕೆ ಬೇಡವಾಯಿತು ಅಂತಲೂ ಹೇಳಿ.

ಚಿಕ್ಕಪ್ಪ: ಹೇಳುತ್ತೇನೆ, ಅದೇನು ಗುಟ್ಟಲ್ಲ. ಇಂಗ್ಲೆಂಡಿನಲ್ಲಿ ಮಕ್ಕಳು ಓದುವ ಪುಸ್ತಕವನ್ನೇ ಇಡಿಯಾಗಿ ಕಂಠಪಾಠ ಮಾಡುತ್ತಿದ್ದರು. ಪುಸ್ತಕ ತಲೆಕೆಳಗಾಗಿ ಹಿಡಿದರೂ ಓದುತ್ತಿದ್ದರು ಅಂತ ಲೇವಡಿ ಇತ್ತು. ಮ್ಯಾಥ್ಯೂ ಆರ್ನಾಲ್ಡ್ ಅಂತ ಕವಿ, ಹೊಟ್ಟೆಪಾಡಿಗೆ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದವನು. ಇದರಿಂದ ಪಾಠ ಯಂತ್ರವಾಗುತ್ತಿದೆ ಅಂತ ಇಲಾಖೆಯೊಳಗೇ ಇದ್ದುಕೊಂಡು ಬರೆದ. ಮೇಲಿನವರಿಗೆ ಇಷ್ಟವಾಗಲಿಲ್ಲ.

ಶಿಕ್ಷಕಿ: ಅಂದರೆ ನಮ್ಮ ಪಾಸಿಂಗ್ ಪ್ಯಾಕೇಜಿಗೆ ನೂರಾ ಅರವತ್ತು ವರ್ಷ ತುಂಬಿದೆ. ಕವಿಗೆ ಗೊತ್ತಾದದ್ದು ಜಿಲ್ಲಾ ಉಪನಿರ್ದೇಶಕರ ಸಭೆಗೆ ಇನ್ನೂ ಗೊತ್ತಾಗಿಲ್ಲ. ನೀವು ಯಾದಗಿರಿಯ ಮಾತು ಎತ್ತಿದಿರಲ್ಲ, ಅದಕ್ಕೆ ಬರುತ್ತೇನೆ. ನಂಜುಂಡಪ್ಪ ವರದಿ ನಿಮಗೆ ಬಾಯಿಪಾಠ ತಾನೇ?

ಚಿಕ್ಕಪ್ಪ: ಬಾಯಿಪಾಠವೇ. 2002ರದು. ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ ಅರ್ಧಕ್ಕಿಂತ ಹೆಚ್ಚು ಕಲಬುರಗಿ ವಿಭಾಗದವು.

ಶಿಕ್ಷಕಿ: ತಾಲ್ಲೂಕನ್ನು ಅಳೆದರು, ಅಂಕಿ ಕೆಳಗೆ ಬಂತು. ಆಮೇಲೆ ಏನು ಮಾಡಿದರು? ಅಂಥ ತಾಲ್ಲೂಕಿಗೆ ಹೆಚ್ಚು ಹಣ ಕೊಡಿ ಅಂದರು. ತಹಸೀಲ್ದಾರರಿಗೆ ನೋಟಿಸು ಕೊಡಿ ಅನ್ನಲಿಲ್ಲ. ಮಳೆ ಕಡಿಮೆ ಬಿದ್ದರೆ ಬರಪೀಡಿತ ಅಂತ ಘೋಷಿಸಿ ಮೇವಿಗೆ, ನೀರಿಗೆ ದುಡ್ಡು ಬಿಡುಗಡೆ ಮಾಡುತ್ತೀರಿ. ಅದೇ ತಾಲ್ಲೂಕಿನ ಶಾಲೆಗೆ ಅಂಕ ಕಡಿಮೆ ಬಿದ್ದರೆ ಮಾತ್ರ ಕಾರಣ ಕೇಳುತ್ತೀರಿ. ಎರಡು ವರ್ಷದಿಂದ ಇಂಗ್ಲಿಷ್ ಮೇಷ್ಟ್ರಿಲ್ಲದ ಶಾಲೆಯ ಹೆಡ್‌ಮಾಸ್ಟರ್ ಇಂಗ್ಲಿಷಿನಲ್ಲಿ ಫಲಿತಾಂಶ ಯಾಕೆ ಇಳಿಯಿತು ಅಂತ ಲಿಖಿತ ಉತ್ತರ ಕೊಡಬೇಕು. ಮೇಷ್ಟ್ರನ್ನು ಕೊಡಬೇಕಾದವರಿಗೇ ಆ ಉತ್ತರ ಹೋಗುತ್ತದೆ. ಅವರು ಅದನ್ನು ಕಡತಕ್ಕೆ ಸೇರಿಸುತ್ತಾರೆ.

ಚಿಕ್ಕಪ್ಪ: ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಅತಿಥಿ ಶಿಕ್ಷಕರನ್ನು ಕೊಟ್ಟು ಸುಧಾರಿಸುತ್ತಿದ್ದೆವು. ಆದರೆ ಎಲ್ಲ ಕಡೆಯೂ ಅದೇ ಕಾರಣ ಅಂತ ಹೇಳಬೇಡ. ಮೇಷ್ಟ್ರುಗಳೆಲ್ಲ ಇದ್ದೂ ಶೂನ್ಯ ಫಲಿತಾಂಶ ಬಂದ ಶಾಲೆ ನಾನು ನೋಡಿದ್ದೇನೆ. ಖಾಸಗಿಯವರಂತೂ ಬೇರೆಯದೇ ಆಟ ಆಡುತ್ತಾರೆ.

ಶಿಕ್ಷಕಿ: ಒಂಬತ್ತರಲ್ಲೇ ಟಿಸಿ.

ಚಿಕ್ಕಪ್ಪ: ಅದೇ. ಇಲ್ಲವೇ ಖಾಸಗಿ ಅಭ್ಯರ್ಥಿಯಾಗಿ ಕೂರಿಸುವುದು. ಆಮೇಲೆ ಬಸ್‌ಸ್ಟ್ಯಾಂಡಿನ ಎದುರು ಫ್ಲೆಕ್ಸು.

(ನಡುವೆ ನನ್ನದೊಂದು ಮಾತು. ನೂರಕ್ಕೆ ನೂರು ಫಲಿತಾಂಶ ಎಂಬ ಫ್ಲೆಕ್ಸ್ ಕಂಡಾಗ, ಹಿಂದಿನ ವರ್ಷ ಒಂಬತ್ತನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು ಎಂದು ಕೇಳಬೇಕು. ವಿದ್ಯಾರ್ಥಿಗಳ ಲೆಕ್ಕವೆಲ್ಲ ಇಲಾಖೆಯ ಸ್ಯಾಟ್ಸ್ ತಂತ್ರಾಂಶದಲ್ಲಿ ಇದ್ದೇ ಇದೆ. ಆ ಸಂಖ್ಯೆಯನ್ನೂ ಫ್ಲೆಕ್ಸಿನಲ್ಲಿ ಅಚ್ಚು ಹಾಕಿಸಬೇಕೆಂದು ನಿಯಮ ಮಾಡಿದರೆ ಅರ್ಧದಷ್ಟು ಫ್ಲೆಕ್ಸು ಮಾಯವಾಗುತ್ತದೆ.)

ಚಿಕ್ಕಪ್ಪ: ಸರಿ, ಹತ್ತನೇ ತರಗತಿಗೆ ಬಂದ ಮೇಲೆ ಅಳೆದರೆ ತಡವಾಯಿತು ಅಂತಲೇ 5, 8, 9ಕ್ಕೆ ಬೋರ್ಡ್ ಮಾದರಿ ಪರೀಕ್ಷೆ ತರಲು ಹೋದರು. ನೀವೆಲ್ಲ ಅದನ್ನೂ ವಿರೋಧಿಸಿದಿರಿ.

ಶಿಕ್ಷಕಿ: ನಾನು ವಿರೋಧಿಸಲಿಲ್ಲ, ಕೋರ್ಟು ತಡೆಯಿತು. 2024ರ ಏಪ್ರಿಲ್‌ನಲ್ಲಿ ಫಲಿತಾಂಶ ಪ್ರಕಟಿಸಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿತು. ಎಂಟನೇ ತರಗತಿ ಮುಗಿಯುವವರೆಗೆ ಬೋರ್ಡ್ ಪರೀಕ್ಷೆ ಪಾಸಾಗಬೇಕು ಅಂತ ಯಾವ ಮಗುವನ್ನೂ ಒತ್ತಾಯಿಸುವಂತಿಲ್ಲ ಅಂತ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ನನ್ನ ಜಗಳ ಪರೀಕ್ಷೆಯ ಜೊತೆ ಅಲ್ಲ ಚಿಕ್ಕಪ್ಪ. ಪರೀಕ್ಷೆ ಬೇಕು. ಉತ್ತರಪತ್ರಿಕೆ ನನಗೆ ವಾಪಸ್ಸು ಬೇಕು, ಅಷ್ಟೇ.

ಚಿಕ್ಕಪ್ಪ: ಯಾಕೆ?

ಶಿಕ್ಷಕಿ: ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ದೋಣಿಯ ಲೆಕ್ಕ ಒಂದು ಬಂದಿತ್ತು. ಪ್ರವಾಹದ ದಿಕ್ಕಿನಲ್ಲಿ ಇಷ್ಟು ದೂರ, ವಿರುದ್ಧ ದಿಕ್ಕಿನಲ್ಲಿ ಇಷ್ಟು, ವೇಗ ಎಷ್ಟು ಅಂತ. ಬಹುತೇಕ ಮಕ್ಕಳು ಮುಟ್ಟಿಯೇ ಇಲ್ಲ, ಜಾಗ ಖಾಲಿ. ವರ್ಗಸಮೀಕರಣ ಬರುವುದಿಲ್ಲ ಅಂತ ನಾನು ಅದನ್ನೇ ಮತ್ತೆ ಹೇಳಿಕೊಡಬಹುದಿತ್ತು. ಬದಲಿಗೆ ಮಾರನೇ ದಿನ ಅದೇ ಸಮೀಕರಣವನ್ನು ಬರಿದೇ ಬೋರ್ಡಿನ ಮೇಲೆ ಬರೆದೆ. ಮುಕ್ಕಾಲು ಜನ ಬಿಡಿಸಿದರು. ಆಮೇಲೆ ದೋಣಿಯ ಪ್ರಶ್ನೆಯನ್ನು ಒಬ್ಬೊಬ್ಬರಿಂದ ಗಟ್ಟಿಯಾಗಿ ಓದಿಸಿದೆ. ಎರಡನೇ ವಾಕ್ಯಕ್ಕೇ ತಡವರಿಸಿದರು. ‘ನಿಶ್ಚಲ ನೀರಿನಲ್ಲಿ’ ಅಂದರೆ ಏನು ಅಂತ ಒಬ್ಬರಿಗೂ ಗೊತ್ತಿಲ್ಲ. ಬಾಧೆ ಇದ್ದದ್ದು ಓದುವುದರಲ್ಲಿ. ಕನ್ನಡ ಮೇಷ್ಟ್ರ ಹತ್ತಿರ ಹೋಗಿ ಅವರ ಪೀರಿಯಡ್ಡಿನಲ್ಲಿ ಗಣಿತದ ಪ್ರಶ್ನೆಗಳನ್ನು ಓದಿಸಿ ಅಂತ ಕೇಳಿಕೊಂಡೆ. ನನ್ನ ಮಕ್ಕಳ ಬಗ್ಗೆ ಒಂದು ಪರೀಕ್ಷೆ ನನಗೆ ಹೇಳಿಕೊಟ್ಟ ಅತ್ಯಂತ ಉಪಯೋಗದ ಮಾತು ಅದು. ಶೇಕಡಾದಲ್ಲಿ ಅದು ಎಲ್ಲಿ ಕಾಣುತ್ತದೆ? ಗಣಿತದಲ್ಲಿ ಕಡಿಮೆ, ಶಿಕ್ಷಕಿಗೆ ಎಚ್ಚರಿಕೆ ಕೊಡಿ ಅಂತ ಕಾಣುತ್ತದೆ.

ಚಿಕ್ಕಪ್ಪ: ಇದು ಒಳ್ಳೆಯ ಕೆಲಸ. ಇದನ್ನೇ ಎಲ್ಲ ಶಾಲೆಗಳಲ್ಲೂ ಮಾಡಿಸಬೇಕು. ಒಂದು ನಮೂನೆ ತಯಾರಿಸಿ, ಪ್ರಶ್ನೆವಾರು ವಿಶ್ಲೇಷಣೆ ಅಂತ ಪ್ರತಿ ಶಾಲೆಯಿಂದ ತರಿಸಿಕೊಂಡರೆ...

ಶಿಕ್ಷಕಿ: ಅಯ್ಯೋ, ದಯವಿಟ್ಟು ಬೇಡ! ನಮೂನೆ ಬಂದ ಮರುವಾರವೇ ಕ್ಲಸ್ಟರಿನಲ್ಲಿ ಯಾವ ಶಾಲೆ ದೋಣಿಯ ಲೆಕ್ಕದಲ್ಲಿ ಮುಂದೆ, ಯಾವುದು ಹಿಂದೆ ಅಂತ ಪಟ್ಟಿ ಆಗುತ್ತದೆ. ನಾನು ಆ ಖಾಲಿ ಜಾಗಗಳನ್ನು ತುಂಬಿಸಿ ಕಳಿಸುತ್ತೇನೆ. ತುಂಬಿಸದೆ ಕಳಿಸುವ ಧೈರ್ಯ ಯಾರಿಗಿದೆ? ಮೇಲಕ್ಕೆ ಹೋಗುತ್ತದೆ ಅಂತ ಗೊತ್ತಾದ ಕ್ಷಣವೇ ಆ ಹಾಳೆ ಸುಳ್ಳು ಹೇಳಲು ಕಲಿಯುತ್ತದೆ.

ಚಿಕ್ಕಪ್ಪ: ಹಾಗಾದರೆ ಇಲಾಖೆಗೆ ಗೊತ್ತಾಗುವುದು ಹೇಗೆ? ನೀವೆಲ್ಲ ಒಳಗೊಳಗೇ ತಿಳಿದುಕೊಂಡು ಸುಮ್ಮನಿದ್ದರೆ ಆಯಿತೇ? ಸಂಬಳ ಕೊಡುವವರು ಕೇಳಬಾರದೇ?

ಶಿಕ್ಷಕಿ: ಇಲಾಖೆಗೆ ಬೇರೆ ದಾರಿ ಇದೆ, ಈಗಾಗಲೇ ಇದೆ. ರಾಷ್ಟ್ರೀಯ ಸಾಧನಾ ಸಮೀಕ್ಷೆ 2017ರಲ್ಲಿ ನಡೆಯಿತು, 2021ರಲ್ಲಿ ನಡೆಯಿತು. 2024ರ ಡಿಸೆಂಬರಿನಲ್ಲಿ ಪರಖ್ ಹೆಸರಿನಲ್ಲಿ 3, 6, 9ನೇ ತರಗತಿಗಳಿಗೆ ಆಯಿತು. ಒಂದಿಷ್ಟು ಶಾಲೆ, ಒಂದಿಷ್ಟು ಮಕ್ಕಳನ್ನು ಆರಿಸಿ ಬರೆಸುತ್ತಾರೆ. ವರದಿ ಜಿಲ್ಲೆಯದು, ರಾಜ್ಯದ್ದು. ಯಾವ ಮೇಷ್ಟ್ರ ಹೆಸರೂ ಬರುವುದಿಲ್ಲ. ಪ್ರಥಮ್ ಸಂಸ್ಥೆಯವರ ಅಸರ್ ಇನ್ನೂ ಸರಳ. 2005ರಿಂದ ಮನೆ ಮನೆಗೆ ಹೋಗಿ, ಎರಡನೇ ತರಗತಿಯ ಮಟ್ಟದ ಒಂದು ಪುಟ್ಟ ಕಥೆ ಕೊಟ್ಟು ಓದು ಮಗು ಅನ್ನುತ್ತಾರೆ. ಆ ಕಥೆಯನ್ನು ಐದನೇ ತರಗತಿಯ ಎಷ್ಟೋ ಮಕ್ಕಳು ಓದಲಾರರು ಅಂತ ದೇಶಕ್ಕೆ ಗೊತ್ತಾದದ್ದು ಹಾಗೆ. ಆ ಮಗುವಿಗೆ ಸುಳ್ಳು ಹೇಳಿಕೊಡುವುದರಿಂದ ಯಾರಿಗೂ ಲಾಭವಿಲ್ಲ, ಅದಕ್ಕೇ ಆ ಅಂಕಿಯನ್ನು ನಂಬಬಹುದು. ಯಾದಗಿರಿಗೆ ಏನು ಬೇಕು ಅಂತ ಕೇಳಲು ಅಷ್ಟು ಸಾಕು.

ಚಿಕ್ಕಪ್ಪ: ಪರಖ್‌ಗೂ ಶಾಲೆಗಳಲ್ಲಿ ತಾಲೀಮು ನಡೆಸಿದರಂತಲ್ಲ.

ಶಿಕ್ಷಕಿ: ನಡೆಸಿದ್ದಾರೆ. ನಮ್ಮಲ್ಲೂ ಓಎಂಆರ್ ಹಾಳೆಯ ಗುಂಡು ತುಂಬುವುದನ್ನು ವಾರಗಟ್ಟಲೆ ಅಭ್ಯಾಸ ಮಾಡಿಸಿದರು. ಜಿಲ್ಲೆಗೆ ರ‍್ಯಾಂಕ್ ಬರುತ್ತದೆ ಅಂತ ಯಾರೋ ಹೇಳಿದರು ನೋಡಿ, ಅಲ್ಲಿಗೂ ಅದೇ ಜ್ವರ ಹತ್ತಿತು.

ಚಿಕ್ಕಪ್ಪ: ಅಂದರೆ ನಿನ್ನ ದಾರಿಯೂ ಕೆಡುತ್ತೆ.

ಶಿಕ್ಷಕಿ: ರ‍್ಯಾಂಕ್ ಹಚ್ಚಿದರೆ ಯಾವ ದಾರಿಯೂ ಕೆಡುತ್ತದೆ.

ಚಿಕ್ಕಪ್ಪ: ನಿನ್ನಂಥವರು ಇರುವ ಶಾಲೆಗೆ ಈ ಮಾತೆಲ್ಲ ಸರಿ. ನಾನು ಒಂದು ಶಾಲೆಗೆ ಹೇಳದೆ ಹೋಗಿದ್ದೆ. ಬೆಳಿಗ್ಗೆ ಹನ್ನೊಂದೂವರೆಗೆ ಮೂವರು ಮೇಷ್ಟ್ರು ಇಲ್ಲ, ಒಬ್ಬರು ಅಡಿಕೆ ತೋಟದಲ್ಲಿದ್ದಾರೆ. ಅಂಥವರನ್ನು ಕೂರಿಸಿ ಪ್ರಶ್ನೆ ಕೇಳಲು ನನ್ನ ಕೈಯಲ್ಲಿದ್ದದ್ದು ಆ ಶೇಕಡಾ ಒಂದೇ. ಅದನ್ನೂ ಕಿತ್ತುಕೊಂಡರೆ ಆ ಊರಿನ ಮಕ್ಕಳ ಪರವಾಗಿ ಮಾತಾಡುವವರು ಯಾರು?

ಶಿಕ್ಷಕಿ: ಮೇಷ್ಟ್ರು ಬರಲಿಲ್ಲ ಅಂದರೆ ಬರಲಿಲ್ಲ ಅಂತಲೇ ಕೇಳಿ. ಅದಕ್ಕೆ ಮಕ್ಕಳ ಅಂಕ ಯಾಕೆ ಬೇಕು? ಹಾಜರಿ ಪುಸ್ತಕ ಇದೆ.

ಚಿಕ್ಕಪ್ಪ: ಹಾಜರಿ ಪುಸ್ತಕದಲ್ಲಿ ಎಲ್ಲರೂ ಬಂದಿರುತ್ತಾರಮ್ಮ.

ಶಿಕ್ಷಕಿ: ಹಾಗಾದರೆ ನೀವು ಹೋದ ಹಾಗೆಯೇ ಹೇಳದೆ ಹೋಗಲಿ. ವಿಷಯ ಪರಿವೀಕ್ಷಕರು ಅಂತ ಹುದ್ದೆಗಳಿವೆಯಲ್ಲ, ಅವರು ಬಂದು ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಒಂದು ಪೀರಿಯಡ್ ಕೂರಲಿ. ನಾನು ಕೆಲಸಕ್ಕೆ ಸೇರಿದ ಮೇಲೆ ಹಾಗೆ ಕೂತವರು ಯಾರೂ ಇಲ್ಲ. ಪಟ್ಟಿ ಮಾತ್ರ ವರ್ಷವೂ ತಪ್ಪದೆ ಬರುತ್ತದೆ.

ಚಿಕ್ಕಪ್ಪ: ಪರಿವೀಕ್ಷಕರಿಗೆ ಸಭೆಗಳೇ ಮುಗಿಯುವುದಿಲ್ಲ.

ಶಿಕ್ಷಕಿ: ಯಾವ ಸಭೆ?

ಚಿಕ್ಕಪ್ಪ: ಫಲಿತಾಂಶ ಸುಧಾರಣೆಯ ಸಭೆ.